ಹಾರ ತೆಗೆಯೋ ತನಕ

ನಮ್ಮ ಗೈಡ್ ಅವರ ಎರಡೂ ಕಿವಿಗಳು ಜಜ್ಜಿಹೋಗಿದ್ದವು. ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿ, ಗಟ್ಟಿಯಾಗಿ, ನಾದಿಟ್ಟು ಮರೆತ ಹಿಟ್ಟಿನ ಉಂಡೆಗಳ ಹಾಗೆ ತಲೆಯ ಎರಡು ಪಕ್ಕಕ್ಕೂ ಕೂತಿದ್ದವು. ಕನ್ನಡಕದ ಕಡ್ಡಿ ಅವುಗಳ ಮೇಲೆ ನಿಲ್ಲುತ್ತಿರಲಿಲ್ಲವಾದ್ದರಿಂದ ಹಿಂದಕ್ಕೊಂದು ದಾರ ಕಟ್ಟಿಕೊಳ್ಳುತ್ತಿದ್ದರು. ದಾವಣಗೆರೆಯಲ್ಲಿ ಇಂಥ ಕಿವಿ ಕಂಡರೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಗರಡಿಮನೆಯಲ್ಲಿ ವರ್ಷಗಟ್ಟಲೆ ತಲೆಗೆ ತಲೆ ತಿಕ್ಕಿದವರ ಕಿವಿ ಹಾಗೇ ಆಗುವುದು. ಆದರೆ ಅಂಥ ಕಿವಿಯ ಮನುಷ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೂತು ಸಾಫ್ಟ್‌ವೇರ್ ಸಂಶೋಧನೆ ಮಾಡುತ್ತಾರೆ ಎಂದರೆ ಹೊಸಬರು ನಗುತ್ತಿದ್ದರು. ಒಂದು ವಾರ ನಗುತ್ತಿದ್ದರು, ಅಷ್ಟೇ.

ನಾನು ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ ಮೊದಲ ತಿಂಗಳಲ್ಲೇ ನನ್ನ ಮೊದಲ ಅಧ್ಯಾಯ ಎರಡನೇ ಮಹಡಿಯ ಕಿಟಕಿಯಿಂದ ಹೊರಗೆ ಹೋಯಿತು. ಹಾಳೆಗಳು ಬೇವಿನ ಮರದಲ್ಲಿ ಸಿಕ್ಕಿಕೊಂಡವು. ನಾನು ಕೆಳಗೆ ಓಡಿ ಆರಿಸುತ್ತಿದ್ದರೆ ಮೇಲಿನಿಂದ ಅವರ ದನಿ ಕೇಳುತ್ತಿತ್ತು: "ಮರದ ಮ್ಯಾಲಿರಾವ್ನ ಬಿಡಲೇ, ಕಾಗೆ ಓದ್ಲಿ. ಅದಕ್ಕಾದ್ರೂ ತಿಳೀತೈತೇನೋ ನೋಡಾಣ." ಕೀಬೋರ್ಡು ಎತ್ತಿ ಕುಕ್ಕುತ್ತಿದ್ದರು. ಕುರ್ಚಿಗೆ ಒದೆಯುತ್ತಿದ್ದರು. ಅವರ ಕೋಣೆಯಲ್ಲಿ ನಾಲ್ಕೂ ಕಾಲು ನೆಟ್ಟಗಿದ್ದ ಕುರ್ಚಿ ಒಂದೇ ಇತ್ತು. ಅದರ ಮೇಲೆ ಅವರೇ ಕೂರುತ್ತಿದ್ದರು.

ಇಷ್ಟಾದರೂ ಅವರು ಮನುಷ್ಯರ ಮೇಲೆ ಕೈ ಮಾಡುತ್ತಿರಲಿಲ್ಲ. ಬೈಯುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದರೊಳಗೊಂದು ಬಿಗಿದು ಹಿಡಿದುಕೊಳ್ಳುತ್ತಿದ್ದರು. ಸಿಟ್ಟು ಏರಿದಂತೆಲ್ಲ ಆ ಹಿಡಿತ ಬಿಗಿಯಾಗುತ್ತ ಹೋಗಿ ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುತ್ತಿದ್ದವು. ಅದು ದೊಡ್ಡವರ ಗತ್ತು ಎಂದು ನಾನು ತಿಳಿದಿದ್ದೆ. ನಿಜ ಬೇರೆ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪ್ರೋಗ್ರಾಂ ಕದ್ದು ಬರೆದ ಒಬ್ಬ ವಿದ್ಯಾರ್ಥಿಗೆ ಕೆನ್ನೆಗೊಂದು ಬಿಟ್ಟಿದ್ದರಂತೆ. ಪೈಲ್ವಾನನ ಕೈ. ಹುಡುಗನ ದವಡೆ ಮುರಿಯಿತು. ಮರುದಿನ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ ಅವನ ಅಪ್ಪ ಕಾಲೇಜಿಗೆ ಬಂದ. ಜಗಳ ತೆಗೆಯುತ್ತಾನೆ ಎಂದು ಇವರು ತಲೆ ತಗ್ಗಿಸಿ ನಿಂತರೆ ಅವನು ಕೈಮುಗಿದು, "ಚಲೋ ಮಾಡಿದ್ರಿ ಸರ, ಇನ್ನೊಂದ್ ನಾಕು ಬಿಡ್ರಿ" ಎಂದನಂತೆ. ಮುರಿದ ದವಡೆಗೆ ತಂತಿ ಬಿಗಿಸಿಕೊಂಡ ಹುಡುಗ ಅಪ್ಪನ ಪಕ್ಕ ಬಾಯಿ ತೆರೆಯಲಾಗದೆ ನಿಂತಿದ್ದ.

"ಅವ್ನು ಬೈದಿದ್ರೆ ಮರೀತಿದ್ದೆ" ಎಂದು ಅವರು ನನಗೆ ಹೇಳಿದ್ದರು. "ಕೈಮುಗಿದ್ನಲ್ಲ, ಅವತ್ತಿಂದ ಕೈ ಕಟ್ಟಿದೀನಿ."

ಕುರ್ಚಿಗೆ ಒದೆಯುವುದನ್ನು ವ್ರತದಲ್ಲಿ ಸೇರಿಸಿರಲಿಲ್ಲ.

ಅವರ ಸಂಶೋಧನೆಯ ವಿಷಯ ಟೆಕ್ನಿಕಲ್ ಡೆಟ್, ಕನ್ನಡದಲ್ಲಿ ತಾಂತ್ರಿಕ ಸಾಲ. ಪ್ರೋಗ್ರಾಂ ಬರೆಯುವವರು ಆತುರಕ್ಕೆ ಅಡ್ಡದಾರಿ ಹಿಡಿದು, ಆಮೇಲೆ ಸರಿಮಾಡೋಣ ಎಂದು ಮುಂದೆ ಹೋಗುತ್ತಾರೆ. ಆ 'ಆಮೇಲೆ' ಬರುವುದಿಲ್ಲ. ತೇಪೆಯ ಮೇಲೆ ತೇಪೆ ಬಿದ್ದು ಒಂದು ದಿನ ಇಡೀ ಬಟ್ಟೆ ಹರಿಯುತ್ತದೆ. ಸಾಲದ ವಿಷಯದಲ್ಲಿ ಡಾಕ್ಟರೇಟ್ ಮಾಡಿದ್ದಾರೆ ಎಂದು ಕೇಳಿದ ಸರಸ್ವತಿ ನಗರದ ಅವರ ಪಕ್ಕದ ಮನೆಯವರು ಟ್ರ್ಯಾಕ್ಟರ್ ಸಾಲಕ್ಕೆ ಯಾವ ಬ್ಯಾಂಕು ಒಳ್ಳೆಯದೆಂದು ವಿಚಾರಿಸಲು ಬಂದಿದ್ದರು. ಬಂದವರಿಗೆ ಗೈಡ್ ಚಹಾ ಕೊಟ್ಟು ಪೂರ್ತಿ ವಿಷಯ ವಿವರಿಸಿದರಂತೆ. ಆ ಮನುಷ್ಯ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ನನಗೆ ಅವರು ವಿವರಿಸಿದ್ದು ಬೇರೆ ರೀತಿ. ಪ್ಯಾಂಟು ಮೇಲೆತ್ತಿ ಮೊಣಕಾಲು ತೋರಿಸಿದರು. ಚಿಪ್ಪು ಒಂದು ಕಡೆ ಜಾರಿ ಕೂತಿತ್ತು. "ನೋಡ್ಕ. ಇದು ಉಳುಕಿತ್ತು. ಮರುದಿನ ಕುಸ್ತಿ ಐತೆ. ಸದ್ಯಕ್ಕೆ ಅಂತ ಅರಿವೆ ಬಿಗಿದು ಇಳಿದೆ. ಗೆದ್ದೆ. ಮುಂದಿನ್ ಸಲಾನೂ ಸದ್ಯಕ್ಕೆ ಅಂದೆ, ಅವಾಗ್ಲೂ ಗೆದ್ದೆ. ಈಗ ಕಕ್ಕಸದಾಗ ಕೂಡಾಕ್ ಬರಲ್ಲ. ಇಷ್ಟೇ ಕಣಲೇ ನಮ್ಮ ಸಬ್ಜೆಕ್ಟು, ಉಳಿದಿದ್ದೆಲ್ಲ ಇಂಗ್ಲಿಷು."

ಆ ಸದ್ಯಕ್ಕೆ ಎಂಬ ಮಾತನ್ನು ಅವರೆದುರು ಯಾರೂ ಆಡುವಂತಿರಲಿಲ್ಲ. ಸದ್ಯಕ್ಕೆ ಹೀಗಿರಲಿ ಸಾರ್ ಎಂದರೆ ಕುರ್ಚಿಯ ಇನ್ನೊಂದು ಕಾಲು ಹೋಯಿತೆಂದೇ ಲೆಕ್ಕ.

ಪ್ರೋಗ್ರಾಂ ಬರೆಯುವವರಿಗೆ ಒಂದು ಅನುಕೂಲವಿದೆ. ಕಂಪ್ಯೂಟರು ಓದದ, ಮನುಷ್ಯರಷ್ಟೇ ಓದುವ ಸಾಲುಗಳನ್ನು ನಡುನಡುವೆ ಬರೆದಿಡಬಹುದು. ಅವಕ್ಕೆ ಕಾಮೆಂಟ್ ಎನ್ನುತ್ತಾರೆ. ಅಡ್ಡದಾರಿ ಹಿಡಿದವರು ಎಷ್ಟೋ ಸಲ ಅಲ್ಲೇ ಒಪ್ಪಿಕೊಂಡಿರುತ್ತಾರೆ: ಇದು ತಾತ್ಕಾಲಿಕ, ಇದನ್ನು ಆಮೇಲೆ ತೆಗೆಯಬೇಕು, ಇದು ಸರಿಯಿಲ್ಲ ಅಂತ. ಆ ತಪ್ಪೊಪ್ಪಿಗೆಗಳನ್ನು ಹುಡುಕಿ ತೆಗೆಯುವ ಒಂದು ಸಾಧನವನ್ನು ನಾವು ಕಟ್ಟಿದೆವು. ಅದಕ್ಕೆ ಜರಡಿ ಎಂದು ಹೆಸರಿಟ್ಟವರು ಅವರೇ. ಲಕ್ಷಾಂತರ ಸಾಲಿನ ಪ್ರೋಗ್ರಾಮನ್ನು ಸುರಿದರೆ ಅನುಮಾನದ ಸಾಲುಗಳು ಕೆಂಪಗೆ ಮೇಲೆ ಉಳಿಯುತ್ತಿದ್ದವು. ಒಂದೂ ಇಲ್ಲದಿದ್ದರೆ ಪರದೆ ಹಸಿರಾಗುತ್ತಿತ್ತು. ಅದರ ಮೇಲೆ ಬರೆದ ಪ್ರಬಂಧ ಹೊರದೇಶದ ಪತ್ರಿಕೆಯಲ್ಲಿ ಬಂತು. ಗೈಡ್ ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿದರು. ಭುಜ ಸಂಜೆಯವರೆಗೆ ನೋಯುತ್ತಿತ್ತು.

ಹರಿಹರದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪ್ ಇತ್ತು. ಅದರ ದೊಡ್ಡ ಪ್ರೆಸ್ಸಿಗೆ ಕಂಪ್ಯೂಟರ್ ಹಚ್ಚಿಸಿದ್ದರು. ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಬೆಳಕಿನ ಸೆನ್ಸರ್. ಕೈ ಅಡ್ಡ ಬಂದರೆ ಮೇಲಿನ ಅಚ್ಚು ಅರ್ಧಕ್ಕೇ ನಿಲ್ಲಬೇಕು. ನಮ್ಮ ಜರಡಿಯ ಸುದ್ದಿ ಕೇಳಿದ ಮಾಲೀಕರು ತಮ್ಮ ಪ್ರೋಗ್ರಾಮನ್ನೂ ಕೊಟ್ಟು ಜಾಲಾಡಿಸಿದರು. ಪರದೆ ಹಸಿರಾಯಿತು. ಬಾಕಿ ತೇಪೆಗಳೇನೂ ಇಲ್ಲವೆಂದು ಗೈಡ್ ಸರ್ಟಿಫಿಕೇಟ್ ಬರೆದು ಸಹಿ ಹಾಕಿದರು. ಮಾಲೀಕರು ಅದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲಿ ನೇತುಹಾಕಿದರು. ಅಮಾವಾಸ್ಯೆಗೊಮ್ಮೆ ಅದಕ್ಕೂ ಕುಂಕುಮ ಬೀಳುತ್ತಿತ್ತು.

ಒಂದು ಬೆಳಿಗ್ಗೆ ನಾವಿಬ್ಬರೂ ಅಲ್ಲಿಗೆ ಬೇರೊಂದು ಯಂತ್ರದ ಪ್ರೋಗ್ರಾಂ ತರಲು ಹೋಗಿದ್ದೆವು. ಆಫೀಸಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಒಳಗೆ ಪ್ರೆಸ್ಸು ಒಂದೇ ತಾಳದಲ್ಲಿ ಬೀಳುತ್ತಿತ್ತು. ಧಣ್, ಧಣ್, ಧಣ್. ನಡುವೆ ಒಂದು ಏಟು ಮೆತ್ತಗೆ ಬಿತ್ತು.

ಆಮೇಲೆ ಕೂಗು ಕೇಳಿಸಿತು. ನಾವು ಓಡುವಷ್ಟರಲ್ಲಿ ಆಪರೇಟರ್ ಮೊಣಕಾಲೂರಿದ್ದ. ಅವನ ಬಲಗೈ ಮಣಿಕಟ್ಟಿನವರೆಗೆ ಅಚ್ಚಿನೊಳಗಿತ್ತು. ಅಚ್ಚು ಮೇಲೆತ್ತಲು ಗುಂಡಿ ಒತ್ತಿದರೆ ಅದು ಏಳಲಿಲ್ಲ. ಇಬ್ಬರು ಕಬ್ಬಿಣದ ಸಲಾಕೆ ಹಾಕಿ ಮೀಟಿ ಎತ್ತಿದರು. ಹೊರಬಂದದ್ದನ್ನು ಕೈ ಎನ್ನಲು ಬರುತ್ತಿರಲಿಲ್ಲ. ಯಾರೋ ತಮ್ಮ ಹೆಗಲ ಟವೆಲ್ಲು ಸುತ್ತಿದರು, ಅದು ಆ ಕ್ಷಣವೇ ತೊಯ್ದು ತೊಟ್ಟಿಕ್ಕಿತು. ಟೆಂಪೋದಲ್ಲಿ ಹಾಕಿಕೊಂಡು ದಾವಣಗೆರೆಯ ಕಡೆ ಹೊರಟರು. ನಾನು ಅಂಗಳಕ್ಕೆ ಬಂದು ವಾಂತಿ ಮಾಡಿದೆ. ಗೈಡ್ ಹೊರಗೆ ಬರಲಿಲ್ಲ. ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ಕೂತು, ಜರಡಿ ಗಿರಡಿ ಏನೂ ಇಲ್ಲದೆ, ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಬರಿಗಣ್ಣಲ್ಲಿ ಓದತೊಡಗಿದರು.

ಆಪರೇಟರನ ಊರು ಹೊಳೆದಂಡೆಯಲ್ಲಿ, ಅಲ್ಲೇ ಹತ್ತಿರ. ಸುದ್ದಿ ಮುಟ್ಟಿದ್ದೇ ತಡ ಬೈಕುಗಳ ಮೇಲೆ, ಒಂದು ಟ್ರ್ಯಾಕ್ಟರಿನ ಮೇಲೆ ಜನ ಬಂದರು. ಮಾಲೀಕರ ಕಾರು ಹಿಂದಿನ ಗೇಟಿನಿಂದ ಹೋಗಿಯಾಗಿತ್ತು. ಸಿಟ್ಟು ಹೊತ್ತು ಬಂದವರಿಗೆ ಅದನ್ನು ಇಳಿಸಲು ಒಂದು ತಲೆ ಬೇಕು. ಆಫೀಸಿನ ಗಾಜು ಒಡೆದರು, ಮೇಜು ಮಗುಚಿದರು, ದೇವರ ಫೋಟೋ ಬಿಟ್ಟು ಸರ್ಟಿಫಿಕೇಟನ್ನು ನೆಲಕ್ಕೆ ಬಡಿದರು. ಅಷ್ಟರಲ್ಲಿ ಯಾರೋ ಒಬ್ಬ ನನ್ನ ಕಡೆ ಬೆರಳು ಮಾಡಿದ: "ಕಂಪ್ಯೂಟರ್ ಹಚ್ಚಿದಾವ ಇವ್ನೇ ನೋಡ್ರಲೇ." ನನ್ನ ಕೊರಳಲ್ಲಿ ಕಾಲೇಜಿನ ಕಾರ್ಡು, ಬಗಲಲ್ಲಿ ಲ್ಯಾಪ್‌ಟಾಪು. ಇನ್ನು ಸಾಕ್ಷಿ ಯಾಕೆ ಬೇಕು?

ಕೊರಳಪಟ್ಟಿ ಹಿಡಿದು ಅಂಗಳದ ನಡುವಿಗೆ ಎಳೆದರು. ಲ್ಯಾಪ್‌ಟಾಪನ್ನು ಕಲ್ಲಿಗೆ ಅಪ್ಪಳಿಸಿದರು. ಬೆನ್ನಿಗೆ ಬಡಿಗೆ ಬಿತ್ತು, ಪಕ್ಕೆಗೆ ಒದೆ ಬಿತ್ತು. ನಾನಲ್ಲ ಅಣ್ಣಾ ನಾನಲ್ಲ ಎಂದೆ, ಅಂಥ ಹೊತ್ತಿನಲ್ಲಿ ಎಲ್ಲರೂ ಅನ್ನುವುದು ಅದನ್ನೇ. ಒಬ್ಬ ಪ್ರೆಸ್ಸಿನ ಹತ್ತಿರ ಬಿದ್ದಿದ್ದ ಅದೇ ಸಲಾಕೆಯನ್ನು ಎತ್ತಿಕೊಂಡು ಬಂದ. ಅದರ ತುದಿ ಇನ್ನೂ ಒದ್ದೆಯಿತ್ತು. "ಇವನ ಕೈನೂ ಇಡ್ರಲೇ ಮಷಿನ್ನಾಗ" ಎಂದ. ಇಬ್ಬರು ನನ್ನ ಬಲಗೈ ಹಿಡಿದು ಎಳೆಯತೊಡಗಿದರು. ನಾನು ಸಾಯುತ್ತೇನೆ ಎಂದು ನನಗೆ ಗೊತ್ತಾಯಿತು.

ಆಗ ಒಳಗಿನಿಂದ ಗೈಡ್ ಬಂದರು. ಕುಂಟುತ್ತ, ಆದರೆ ಜನರನ್ನು ಎರಡೂ ಕಡೆ ತೂರುತ್ತ ಬಂದರು. ಅವರ ಕೈಗಳು ಬೆನ್ನ ಹಿಂದೆ ಇರಲಿಲ್ಲ.

"ಇವ ನನ್ನ ಹುಡುಗ" ಎಂದರು. ಗರಡಿಯ ದನಿ, ಇಡೀ ಅಂಗಳ ನಿಂತಿತು. "ನನ್ನ ಹುಡುಗನ್ನ ನಾ ಹೊಡೀತೀನಿ. ನೀವ್ಯಾರೂ ಕೈ ಹಚ್ಚಬ್ಯಾಡ್ರಿ."

ನಮ್ಮ ಕಡೆ ಇದೊಂದು ರೂಢಿ. ತಪ್ಪು ಮಾಡಿದವನನ್ನು ಊರು ಹೊಡೆಯಲು ನಿಂತಾಗ ಮನೆಯ ಹಿರಿಯ ಮುಂದೆ ಬಂದು ತಾನೇ ಹೊಡೆಯುತ್ತಾನೆ. ಮನೆಯವನೇ ಹೊಡೆದ ಮೇಲೆ ಊರವರಿಗೆ ಹೊಡೆಯುವ ಹಕ್ಕಿಲ್ಲ. ಸುಮ್ಮನೆ ತೋರಿಕೆಗೆ ಹೊಡೆದರೆ ಜನಕ್ಕೆ ತಿಳಿಯುತ್ತದೆ; ನಿಜವಾಗಿ ಹೊಡೆಯಬೇಕು.

ಅವರು ನಿಜವಾಗಿ ಹೊಡೆದರು. ಬಲಗೈ ಬೀಸಿ ನನ್ನ ಎಡಗಿವಿಯ ಮೇಲೆ. ನಾನು ನೆಲಕ್ಕೆ ಬಿದ್ದೆ, ಬಾಯೊಳಗೆ ಮಣ್ಣು ಹೋಯಿತು. ಜನ ಹಿಂದಕ್ಕೆ ಸರಿದರು. ಸಲಾಕೆ ಹಿಡಿದವನೂ ಅದನ್ನು ಕೆಳಗಿಳಿಸಿದ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಗೈಡ್ ಅಂಗಿ ಹಿಡಿದು ನನ್ನನ್ನು ಎತ್ತಿ ನಿಲ್ಲಿಸಿದರು. ಅದೇ ಕಿವಿಯ ಮೇಲೆ ಎರಡನೆಯದು ಬಿತ್ತು. ಮೊದಲಿನದಕ್ಕಿಂತ ದೊಡ್ಡದು. ತಲೆಯೊಳಗೆ ಏನೋ ಟಪ್ಪೆಂದಿತು, ಕುತ್ತಿಗೆಯ ಮೇಲೆ ಬೆಚ್ಚಗೆ ಹರಿಯಿತು. ಮೂರನೆಯದಕ್ಕೆ ಅವರ ಕೈ ಮೇಲೆದ್ದಾಗ ಅದನ್ನು ಹಿಡಿದು ನಿಲ್ಲಿಸಿದವನು ಆಪರೇಟರನ ಅಣ್ಣ, ನನ್ನನ್ನು ಕೊಲ್ಲಲು ಬಂದ ಗುಂಪಿನ ಮುಂದಾಳು.

"ಸಾಕು ಬಿಡ್ರಿ ಮೇಷ್ಟ್ರೇ" ಎಂದ. "ಸಾಯ್ತಾನೆ."

ನನ್ನನ್ನು ಆಸ್ಪತ್ರೆಗೆ ಹೊತ್ತು ಹಾಕಿದವರೂ ಆ ಗುಂಪಿನವರೇ. ಕಿವಿಯ ತಮಟೆ ಹರಿದಿತ್ತು, ಒಳಗಿನ ನರವೂ ಹೋಗಿತ್ತು. ಎಡಗಿವಿ ಅವತ್ತಿನಿಂದ ಸತ್ತಿದೆ. ನನ್ನನ್ನು ಮಲಗಿಸಿದ ವಾರ್ಡಿನಲ್ಲೇ ಆಪರೇಟರನೂ ಇದ್ದ, ಮಣಿಕಟ್ಟಿನಲ್ಲಿ ಮುಗಿದುಹೋದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು.

ಮರುದಿನ ಗೈಡ್ ಬಂದು ನಮ್ಮಿಬ್ಬರ ಮಂಚಗಳ ನಡುವೆ ನಿಂತರು. ಕೈಗಳು ಮತ್ತೆ ಬೆನ್ನ ಹಿಂದಿದ್ದವು. ಆಪರೇಟರನಿಗೆ, ಅವನ ಅಣ್ಣನಿಗೆ ಎಲ್ಲ ಹೇಳಿದರು. ಹಿಂದಿನ ಆಯುಧಪೂಜೆಗೆ ಪ್ರೆಸ್ಸಿಗೆ ಚೆಂಡುಹೂವಿನ ದೊಡ್ಡ ಹಾರ ಹಾಕಿದ್ದರು. ಹಾರ ಜೋತು ಸೆನ್ಸರಿಗೆ ಅಡ್ಡ ಬಂದು ಪ್ರೆಸ್ಸು ಮತ್ತೆ ಮತ್ತೆ ನಿಂತಿತು. ಪೂಜೆಯ ದಿನ ಹಾರ ತೆಗೆಯುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ. ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದವನು, ಆಮೇಲೆ ಕೆಲಸ ಬಿಟ್ಟು ಹೋದ ಹುಡುಗ, ಸೆನ್ಸರಿನ ಮಾತು ಪ್ರೆಸ್ಸು ಕೇಳದಂತೆ ಒಂದು ಸಾಲು ಬರೆದ. ಅದರ ಪಕ್ಕದಲ್ಲಿ ಪ್ರಾಮಾಣಿಕವಾಗಿ ಕಾಮೆಂಟೂ ಬರೆದಿಟ್ಟ. ಇಂಗ್ಲಿಷ್ ಅಕ್ಷರದಲ್ಲಿ, ನಮ್ಮ ಕನ್ನಡದಲ್ಲಿ: ಸದ್ಯಕ್ಕೆ. ಹಾರ ತೆಗೆಯೋ ತನಕ.

ಹಾರ ಒಣಗಿತು, ಯಾರೋ ತಿಪ್ಪೆಗೆ ಎಸೆದರು. ಸಾಲು ಉಳಿಯಿತು. ಮುಂದೆ ಆ ಪ್ರೋಗ್ರಾಂ ನಮ್ಮ ಜರಡಿಗೆ ಬಂದಾಗ ಜರಡಿ ಅದನ್ನು ಹಿಡಿಯಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಳ್ಳುವವರ ಮಾತು ಮಾತ್ರ. ಸದ್ಯಕ್ಕೆ ಎಂಬ ಪದವನ್ನು ದಿನಾ ಬೈಯುತ್ತಿದ್ದ ಮನುಷ್ಯ ತನ್ನ ಸಾಧನಕ್ಕೆ ಆ ಪದ ಕಲಿಸಿರಲಿಲ್ಲ. ಹಸಿರು ಕಂಡ ಮೇಲೆ ಫೈಲನ್ನು ಯಾರೂ ತೆರೆದು ಓದಲಿಲ್ಲ.

"ಸರಿ ಐತೆ ಅಂತ ಸೈ ಹಾಕ್ದೋನು ನಾನು" ಎಂದರು. "ಈ ಹುಡುಗಂದೇನೂ ಇಲ್ಲ."

ಆಪರೇಟರನ ಅಣ್ಣ ಎದ್ದು ಅವರ ಕೊರಳಪಟ್ಟಿ ಹಿಡಿದು ಕೆನ್ನೆಗೆ ಹೊಡೆದ. ಕನ್ನಡಕ ದಾರದಲ್ಲಿ ಜೋತಾಡಿತು. ಅವನಂಥ ಇಬ್ಬರನ್ನು ಒಂದೇ ಕೈಯಲ್ಲಿ ಮಗುಚಬಲ್ಲವರು ಕದಲದೆ ನಿಂತಿದ್ದರು. ಅವನು ಏದುಸಿರು ಬಿಡುತ್ತ, "ಮತ್ತೆ ಆ ಬಡಪಾಯಿನ ಯಾಕ ಹಂಗ ಹೊಡೆದ್ರಿ?" ಎಂದು ಕೇಳಿದ.

"ನೀವು ಕೊಲ್ಲಬಾರ್ದು ಅಂತ."

ಅದಕ್ಕೆ ಒಂದು ಏಟು ಸಾಕಿತ್ತು. ಮಂಚದ ಮೇಲೆ ಮಲಗಿದ್ದ ನನ್ನ ತಲೆಯಲ್ಲಿ ಆಗ ಹುಟ್ಟಿದ ಪ್ರಶ್ನೆ ವರ್ಷಗಟ್ಟಲೆ ಹೋಗಲಿಲ್ಲ. ಮೊದಲನೆಯ ಏಟು ನನ್ನ ಜೀವ ಉಳಿಸಿತು, ಒಪ್ಪಿದೆ. ಜನ ಹಿಂದೆ ಸರಿದ ಮೇಲೂ ಎತ್ತಿ ನಿಲ್ಲಿಸಿ ಹೊಡೆದರಲ್ಲ, ಆ ಎರಡನೆಯದು ಯಾರಿಗೆ? ಅಂಗಳಕ್ಕೆ ಬರುವ ಮೊದಲೇ ಅವರು ಆ ಸಾಲನ್ನು ಓದಿಯಾಗಿತ್ತು. ನನ್ನ ತಪ್ಪಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಡೆದರು.

ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಜಿಲ್ಲೆಯೆಲ್ಲ ಸುತ್ತಿತು. ರಾಕ್ಷಸ ಪ್ರೊಫೆಸರ್ ಎಂದು ತಲೆಬರಹ. ಕಾಲೇಜಿನವರು ನನ್ನಿಂದ ದೂರು ಬರೆಸಿಕೊಳ್ಳಲು ಬಂದರು, ನಾನು ಬರೆಯಲಿಲ್ಲ. ಪ್ರೀತಿಯಿಂದಲ್ಲ. ಗೈಡ್ ಅವರನ್ನು ನಾನೇ ವಿಚಾರಿಸಿಕೊಳ್ಳಬೇಕು, ಬೇರೆಯವರಿಗೆ ಬಿಟ್ಟುಕೊಡಬಾರದು ಎಂಬ ಹಟದಿಂದ. ಆ ವಿಡಿಯೋವನ್ನು ನಾನು ನೋಡಿದಷ್ಟು ಬೇರೆ ಯಾರೂ ನೋಡಿರಲಾರರು. ಎರಡನೇ ಏಟಿಗೆ ನಿಲ್ಲಿಸಿ ಅವರ ಮುಖ ಹುಡುಕುತ್ತಿದ್ದೆ. ಅವರ ಬೆನ್ನು ಈ ಕಡೆಗಿತ್ತು. ಕಾಣುತ್ತಿದ್ದದ್ದು ಜಜ್ಜಿಹೋದ ಕಿವಿ ಒಂದೇ.

ನನ್ನ ಸತ್ತ ಕಿವಿಯೊಳಗೆ ಸದಾ ಒಂದು ಗುಂಯ್ ಶಬ್ದ. ಒಮ್ಮೊಮ್ಮೆ ಯಾರೋ ಕರೆದಂತೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ನನ್ನ ಅವ್ವನಿಗೆ ಡಾಕ್ಟರ ಮಾತು ಒಪ್ಪಿಗೆಯಾಗಲಿಲ್ಲ. ಸಾವಿನ ಬಾಯಿಗೆ ಹೋಗಿ ಬಂದವನಿಗೆ ಗಾಳಿ ಸೋಕಿದೆ, ಅದನ್ನು ಬಿಡಿಸುವ ಉಕ್ಕಡಗಾತ್ರಿಯ ಗುಡಿಗೆ ಹೋಗಲೇಬೇಕು ಎಂದು ಹಟ ಹಿಡಿದಳು. ಸುದ್ದಿ ತಿಳಿದು ಗೈಡ್ ತಮ್ಮ ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಅವ್ವ ಕಾರಿನ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅವರ ಬೆನ್ನಿಗೆ ಶಾಪ ಹಾಕಿದಳು. "ನಿಮ್ಮ ಕೈಗೆ ಹುಳ ಬೀಳ್ಲಿ. ನನ್ನ ಕೂಸಿನ ಕಿವಿ ತಿಂದ ಕೈ ಅದು." ಅವರು "ಹೂಂ ತಾಯಿ" ಎನ್ನುತ್ತ ಗಾಡಿ ಓಡಿಸಿದರು.

ಗುಡಿಯ ಮುಂದೆ ಹೆಂಗಸರು ಕೂದಲು ಬಿಚ್ಚಿ ತಿರುಗಿಸುತ್ತಿದ್ದರು. ಒಬ್ಬ ಗಂಡಸು ಕಂಬಕ್ಕೆ ಹಣೆ ಚಚ್ಚಿಕೊಳ್ಳುತ್ತ, ಬಿಟ್ಟುಹೋಗ್ತೀನಿ ಬಿಟ್ಟುಹೋಗ್ತೀನಿ ಎಂದು ಅರಚುತ್ತಿದ್ದ. ಹಣೆ ಒಡೆದು ಮುಖವೆಲ್ಲ ಕೆಂಪಾಗಿತ್ತು. ಗೈಡ್ ಬಹಳ ಹೊತ್ತು ನೋಡಿದರು. "ಇಲ್ಲಿ ಯಾರೂ ಸದ್ಯಕ್ಕೆ ಅನ್ನಲ್ಲ ನೋಡಲೇ" ಎಂದರು. "ಹೊಕ್ಕಿದ್ದು ಹೋಗಾಮಟ ಬಿಡಲ್ಲ."

ಹೊಳೆಯ ದಂಡೆಯಲ್ಲಿ ಅವ್ವ ಬುತ್ತಿ ಬಿಚ್ಚಿದಳು. ಅಷ್ಟು ಶಪಿಸಿದವಳು ರೊಟ್ಟಿಗೆ ಪಲ್ಯ ಹಚ್ಚಿ ಅವರ ಮುಂದೆ ಚಾಚಿದಳು. ಅವರು ಎಡಗೈ ಮುಂದೆ ಮಾಡಿದಾಗ, "ಹೊಡೆದ ಕೈಯಾಗೇ ಹಿಡೀರಿ" ಎಂದಳು. ಅವರು ಬಲಗೈಯಲ್ಲಿ ಹಿಡಿದರು.

ನಾನು ಅಲ್ಲಿಯೇ ಕೇಳಿಬಿಟ್ಟೆ. "ಸಾರ್, ಅಷ್ಟು ಯಾಕ ಹೊಡೆದ್ರಿ?"

"ಮೊದಲ್ನೇದು ಅವರಿಗೆ ತೋರ್ಸಾಕೆ."

"ಎರಡನೇದು?"

ಅವರು ರೊಟ್ಟಿ ಮುಗಿಸಿ ಕೈ ತೊಳೆಯಲು ನೀರಿಗಿಳಿದರು. ಬಹಳ ಹೊತ್ತು ತೊಳೆದರು. ತಿರುಗಿ ಬಂದು ಹೊರಡೋಣ ಎಂದರು.

ಅಲ್ಲಿಂದ ಮುಂದಿನ ವರ್ಷಗಳು ಅವರು ತಮ್ಮನ್ನು ತಾವೇ ಹೊಡೆದುಕೊಂಡ ವರ್ಷಗಳು. ನಮ್ಮ ಜರಡಿ ಸೋತಿದೆ, ಅದರಿಂದ ಒಬ್ಬರ ಕೈ ಹೋಗಿದೆ ಎಂದು ಆ ಪತ್ರಿಕೆಗೆ ಬರೆದು ಪ್ರಬಂಧವನ್ನು ವಾಪಸು ತೆಗೆದುಕೊಂಡರು. ಬಾಯಿ ಮುಚ್ಚಿಕೊಂಡಿರಿ ಎಂದು ಕಾಲೇಜು ಹೇಳಿತು; ಮುಚ್ಚಿಕೊಳ್ಳಲಿಲ್ಲ. ವಿಭಾಗದ ಮುಖ್ಯಸ್ಥರ ಸ್ಥಾನ ಹೋಯಿತು, ಕೋಣೆ ಹೋಯಿತು. ಮೆಟ್ಟಿಲ ಕೆಳಗೊಂದು ಮೇಜು ಹಾಕಿಕೊಂಡು ಕೂತರು. ಪೊಲೀಸರ ಮುಂದೆ, ವಿಚಾರಣೆಯಲ್ಲಿ, ಬೇರೆ ಕಾಲೇಜುಗಳ ವೇದಿಕೆಗಳಲ್ಲಿ ಅದೇ ಮಾತು: "ಜರಡಿಗೆ ಕನ್ನಡ ಬರ್ತಿರ್ಲಿಲ್ಲ. ನನಗೆ ಬರ್ತಿತ್ತು."

ಆಮೇಲೆ ನಾವಿಬ್ಬರೂ ದಾವಣಗೆರೆ, ಹರಿಹರದ ಸಣ್ಣಪುಟ್ಟ ಕಂಪನಿಗಳ ಬಾಗಿಲು ತಟ್ಟುತ್ತ ನಮ್ಮ ಜನ ಪ್ರೋಗ್ರಾಮಿನೊಳಗೆ ಬಚ್ಚಿಟ್ಟ ಕನ್ನಡವನ್ನು ಹುಡುಕಿದೆವು. ಆಮೇಲೆ ನೋಡೋಣ. ಹೆಂಗೋ ನಡೀತೈತೆ. ಮುಟ್ಟಬ್ಯಾಡ. ಒಬ್ಬ ಪುಣ್ಯಾತ್ಮ ಬಿಲ್ಲಿಂಗ್ ಪ್ರೋಗ್ರಾಮಿನ ನಡುವೆ ದೇವರೇ ಗತಿ ಎಂದಷ್ಟೇ ಬರೆದಿದ್ದ. ಜರಡಿಗೆ ಅವನ್ನೆಲ್ಲ ಕಲಿಸಿದೆವು. ಅದೇ ನನ್ನ ಪಿಎಚ್.ಡಿ. ಆಯಿತು. ಕೆಲಸದುದ್ದಕ್ಕೂ ನಾವು ಜಗಳವಾಡಿದೆವು. ನಾನೂ ಕುರ್ಚಿ ಒದೆಯುವುದನ್ನು ಕಲಿತೆ. ಒಮ್ಮೆ ನಾನು ಮಾನಿಟರನ್ನು ನೆಲಕ್ಕೆ ಕೆಡವಿದಾಗ ಅವರು ತುಣುಕುಗಳನ್ನು ಗುಡಿಸಿ, "ಕಲ್ತಿ ಬಿಡಪ್ಪ" ಎಂದು ಹೋದರು.

ಒಂದು ಮಾತು ಹೇಳಲೇಬೇಕು. ನನಗೆ ಯಾವ ಕಿವಿ ಕೇಳುವುದಿಲ್ಲ ಎಂಬುದನ್ನು ಎಲ್ಲರೂ ಮರೆಯುತ್ತಾರೆ, ಅವ್ವ ಕೂಡ. ಅವರು ಮಾತ್ರ ಒಂದು ದಿನವೂ ಮರೆಯಲಿಲ್ಲ. ನಡೆಯುವಾಗ ಸದಾ ನನ್ನ ಬಲಕ್ಕೆ ಬರುತ್ತಿದ್ದರು. ಸಂದಿಯಲ್ಲಿ ಜಾಗ ಇಲ್ಲದಿದ್ದರೆ ಚರಂಡಿಯ ಅಂಚಿನ ಮೇಲಾದರೂ ಕುಂಟುತ್ತ ನನ್ನ ಬಲಕ್ಕೇ ಬರುತ್ತಿದ್ದರು. ಅದನ್ನು ನೋಡಿ ನನಗೆ ಸಿಟ್ಟೇ ಬರುತ್ತಿತ್ತು. ಇಷ್ಟು ನೆನಪಿಟ್ಟುಕೊಂಡವರು ಒಂದು ಉತ್ತರ ಕೊಡಬಾರದೇ?

ಹೊಟ್ಟೆಯಲ್ಲಿ ಶುರುವಾದ ಕಾಯಿಲೆ ಆ ದೊಡ್ಡ ಮೈಯನ್ನು ಒಂದೇ ವರ್ಷದಲ್ಲಿ ತಿಂದುಹಾಕಿತು. ಕೊನೆಯ ಸಲ ನಾನು ಸರಸ್ವತಿ ನಗರದ ಮನೆಗೆ ಹೋದಾಗ ಅವರ ಮಂಚವನ್ನು ಗೋಡೆಗೆ ಹತ್ತಿಸಿ ಹಾಕಿದ್ದರು. ಪಕ್ಕದಲ್ಲಿ ಇದ್ದ ಒಂದೇ ಸ್ಟೂಲಿನ ಮೇಲೆ ಕೂತರೆ ನನ್ನ ಎಡಗಿವಿ ಅವರ ಕಡೆಗೆ ಬರುತ್ತಿತ್ತು. ಅವರ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಅವರಿಗೂ ಅದು ತಿಳಿಯಿತು. ಹೊದಿಕೆಯೊಳಗಿಂದ ಬಲಗೈ ಹೊರಗೆ ಬಂದು ನನ್ನ ಮುಖದ ಕಡೆ ಏರಿತು.

ನಾನು ಬೆಚ್ಚಿ ಮೊಣಕೈ ಅಡ್ಡ ಹಿಡಿದೆ.

ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದವರು ಸೆರಗು ಬಾಯಿಗೆ ಒತ್ತಿಕೊಂಡರು. ಗೈಡ್ ಕೈ ಹಿಂದೆ ತೆಗೆಯಲಿಲ್ಲ. ನನ್ನ ಮೊಣಕೈ ಇಳಿಯುವವರೆಗೆ ಅದನ್ನು ಗಾಳಿಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ನನ್ನ ಗದ್ದ ಹಿಡಿದು, ಮುಖವನ್ನು ಮೆಲ್ಲಗೆ ಆಚೆ ತಿರುಗಿಸಿ, ಬಲಗಿವಿಯನ್ನು ತಮ್ಮ ಬಾಯಿಯ ಹತ್ತಿರಕ್ಕೆ ತಂದುಕೊಂಡರು.

"ಎರಡನೇದು ನಿಂಗಲ್ಲಪ್ಪ" ಎಂದರು. "ಆ ಸಾಲು ಓದಿ ಬಂದಿದ್ದೆ. ಸಿಟ್ಟು ನನ್ನ ಮ್ಯಾಲಿತ್ತು, ನೀ ಕೈಗೆ ಸಿಕ್ಕಿದ್ದಿ. ನಿನ್ನ ಮುಖ ನಂಗ ಕಾಣ್ಲೇ ಇಲ್ಲ."

ನಾನು ಅತ್ತೆ. ಕ್ಷಮಿಸಿದೆ ಎಂದು ಹೇಳಲು ಹೋದೆ, ಬಾಯಿಗೆ ಬರಲಿಲ್ಲ. ಅವರ ಕೈಯನ್ನು ಹಿಡಿದುಕೊಂಡು ಕೂತೆ. ಎರಡು ದಿನಕ್ಕೆ ತೀರಿಕೊಂಡರು.

ಅವರ ಮನೆತನದ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಜಜ್ಜಿದ ಕಿವಿಗಳ ಮೇಲೂ ಯಾರೋ ವಿಭೂತಿ ಬಳಿದಿದ್ದರು. ಗರಡಿಯ ಮುದುಕರು ಬಂದಿದ್ದರು, ಕಾಲೇಜಿನ ಕೆಲವರು ಬಂದಿದ್ದರು. ಹರಿಹರದಿಂದ ಆಪರೇಟರನೂ ಬಂದಿದ್ದ, ಬಲದ ತೋಳನ್ನು ಮಡಿಸಿ ಪಿನ್ನು ಹಾಕಿದ ಅಂಗಿಯಲ್ಲಿ. ಮಣ್ಣು ಕೊಡುವ ಸಾಲಿನಲ್ಲಿ ಅವನು ನನ್ನ ಹಿಂದೆ ನಿಂತಿದ್ದ. ನನ್ನ ಸರದಿ ಮುಗಿಸಿ ಬಂದಾಗ ಅವನು ಕೇಳಿದ, "ಕೊನೀಗೆ ಏನಾರ ಅಂದ್ರೇನ್ರಿ?"

ಅಂದದ್ದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿದ. ಆಮೇಲೆ ಮೆಲ್ಲಗೆ, "ನನ್ನ ಕೈ ಬಗ್ಗೆ ಏನಾರ ಅಂದ್ರಾ?" ಎಂದ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಸದ್ಯಕ್ಕೆ ಒಂದು ಹೂಂ ಅಂದುಬಿಡಬಹುದಿತ್ತು. ಹೂಂ ಅಣ್ಣಾ, ನೆನೆಸಿಕೊಂಡರು, ಎಂದಿದ್ದರೆ ಅವನಿಗೆ ಅಷ್ಟೇ ಸಾಕಿತ್ತು, ನನಗೂ ಹಗುರಾಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಇಲ್ಲಣ್ಣಾ" ಎಂದೆ. "ಅನ್ನಲಿಲ್ಲ."

ಅವನು ಬಾಗಿ, ಎಡಗೈಯಲ್ಲಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಅವರಿಗೆ ಕೊಟ್ಟ.